ಏಳು ಪುಸ್ತಕ ಕಡಿಮೆಯಾದ ಬೈಬಲ್

ನಮ್ಮ ಭಾವ ಬೈಬಲನ್ನು ತೂಕಕ್ಕೆ ಹಾಕಿದವರು ಎಂದರೆ ನಂಬುತ್ತೀರಾ? ಅದೂ ಬ್ರೂಸ್‌ಪೇಟೆಯ ಬೆಲ್ಲದಂಗಡಿಯ ತಕ್ಕಡಿಯಲ್ಲಿ! ಒಂದು ಕಡೆ ಅವರ ತೆಲುಗು ಬೈಬಲ್, ಇನ್ನೊಂದು ಕಡೆ ನನ್ನ ಕನ್ನಡದ್ದು. ನನ್ನದು ಮೇಲೆ ಹೋಯಿತು. ಅವರದರ ಕಾಗದ ದಪ್ಪ ಎಂದರೂ ಕೇಳಲಿಲ್ಲ. ಅಂಗಡಿ ಶೆಟ್ಟರು, "ತೂಕ ಕಮ್ಮಿ ಅಂತ ಬೆಲ್ಲಕ್ಕ ಜಗಳ ಆಗೂದು ನೋಡೀನಿ, ದೇವರ ಪುಸ್ತಕಕ್ಕ ಇದ ಮೊದಲು" ಎಂದರು.

ಭಾವ ಕಥೋಲಿಕರು, ನಾವು ಪ್ರೊಟೆಸ್ಟೆಂಟರು. ಅವರ ಬೈಬಲಿನಲ್ಲಿ ಎಪ್ಪತ್ತಮೂರು ಪುಸ್ತಕ, ನಮ್ಮದರಲ್ಲಿ ಅರವತ್ತಾರು. ಅಕ್ಕ ಬದುಕಿರುವವರೆಗೆ ಇದು ಯಾರಿಗೂ ಬೇಕಿರಲಿಲ್ಲ. ಅವಳು ಸತ್ತಮೇಲೆ ಶುರುವಾಯಿತು. ಸತ್ತವರಿಗಾಗಿ ಪ್ರಾರ್ಥಿಸುವುದು ಒಳ್ಳೆಯದು ಎಂಬ ಮಾತಿರುವುದು ಆ ಏಳರಲ್ಲೊಂದರಲ್ಲಿ. ಅದು ದೇವರ ವಾಕ್ಯವೇ ಅಲ್ಲ ಎಂದುಬಿಟ್ಟರು ನಮ್ಮ ಪಾಸ್ಟರು. ಹಾಗಾದರೆ ಭಾವ ಅಕ್ಕನಿಗಾಗಿ ದಿನಾ ಮಾಡುವ ಪ್ರಾರ್ಥನೆ ಎಲ್ಲಿಗೆ ಹೋಗಬೇಕು?

ಅಂದಿನಿಂದ ಕಂಟೋನ್ಮೆಂಟಿನಲ್ಲಿ ಯಾರು ಸಿಕ್ಕರೂ ಭಾವನದು ಅದೇ ಕಥೆ. ಕೇಳಿ ಕೇಳಿ ನನಗೆ ಸಾಕಾಗಿತ್ತು. ಐನೂರು ವರ್ಷದ ಹಿಂದೆ ಜರ್ಮನಿಯ ಒಬ್ಬ ಸನ್ಯಾಸಿ, ಆ ಏಳು ಯೆಹೂದ್ಯರ ಪಟ್ಟಿಯಲ್ಲಿಲ್ಲ, ಉಳಿದವುಗಳಿಗೆ ಸಮವಲ್ಲ ಎಂದನಂತೆ. ಸಾವಿರ ವರ್ಷ ಓದಿಕೊಂಡು ಬಂದದ್ದನ್ನು ತೆಗೆಯಲು ಇವನ್ಯಾರು ಎಂದು ಬಿಷಪ್ಪರೆಲ್ಲ ಟ್ರೆಂಟ್ ಎಂಬ ಊರಲ್ಲಿ ಕೂತು, ಒಂದೊಂದರ ಹೆಸರೂ ಬರೆದು, ಒಪ್ಪದವರಿಗೆ ಶಾಪ ಹಾಕಿದರಂತೆ.

ಪೂರ್ತಿ ಕೇಳಿದವಳು ಹಾಲಿನವಳೊಬ್ಬಳೇ. "ಅಲ್ರೀ ಯಪ್ಪಾ, ಅಲ್ಲೀತನಕ ಪಟ್ಟಿಗೆ ಬೀಗ ಯಾಕ ಹಾಕಿರಲಿಲ್ಲ?" ಎಂದಳು.

"ಕಳಕೊಂತೀವಿ ಅಂತ ಯಾರಿಗೆ ಗೊತ್ತಿತ್ತವಾ," ಎಂದರು ಭಾವ.

ನಾನು ಮಗಳ ಬಾಣಂತನಕ್ಕೆ ಸಿರುಗುಪ್ಪಕ್ಕೆ ಹೋಗಿ ಐದು ತಿಂಗಳಿಗೆ ಬಂದರೆ, ಭಾವ ಆ ಏಳನ್ನೂ ತೆಲುಗಿನಿಂದ ಕನ್ನಡಕ್ಕೆ ಬರೆದು, ಗೋಣಿ ದಾರದಿಂದ ನನ್ನ ಬೈಬಲಿಗೆ ಹೊಲಿದಿಟ್ಟಿದ್ದರು! ಪುಸ್ತಕ ಮುಚ್ಚುತ್ತಲೇ ಇರಲಿಲ್ಲ. ಪಾಸ್ಟರು ಕಂಡಾರೆಂದು ಸೆರಗಿನೊಳಗೆ ಹಿಡಿದು ಚರ್ಚಿಗೆ ಹೋದೆ, ಕೋಳಿ ಕದ್ದವಳ ಹಾಗೆ.

ಆಮೇಲೆ ಭಾವನ ಕಣ್ಣಿಗೆ ಪೊರೆ ಬಂತು. ಒಂದು ಮಧ್ಯಾಹ್ನ ಬಂದು, ಸತ್ತವರ ಆ ಮಾತನ್ನು ಓದು ಎಂದರು. ನಾನು ಕಲಿತದ್ದು ಎರಡನೇ ಕ್ಲಾಸು.

"ಅದು ನಮ್ಮದರಾಗ ಇಲ್ಲ ಭಾವ," ಎಂದೆ.

"ಗೊತ್ತೈತಿ. ನನಗ ಕಾಣವಲ್ದು. ಇವತ್ತು ಆಕಿ ಸಲುವಾಗಿ ಯಾರೂ ದೇವರನ್ನ ಕೇಳಲಿಲ್ಲ ಅಂದಂಗ ಆಗ್ತೈತಿ."

ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ನಾಲ್ಕು ಸಾಲಿಗೆ ಬೆವರು ಬಂತು. ಮುಗಿದರೂ ಭಾವ ಆಮೆನ್ ಅನ್ನಲಿಲ್ಲ. ನನ್ನ ಕಡೆ ಮುಖ ಮಾಡಿ ಕಾಯುತ್ತ ಕೂತರು.

ನಾನೇ ಅಂದೆ.