ಸಾತಪ್ಪನ ಕಡಸಲು ಮಂಡಳಿ

ಎಲ್ಲ ಫಜೀತಿಗೂ ಮೂಲ ಎರಡೇ ಪದ: 'ಚಹಾ ಐತಿ.'

ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಕಾಗದದ ಕೊನೆಯಲ್ಲಿ ಆ ಪದಗಳನ್ನು ಸಾತಪ್ಪನೇ ಕೈಯಾರೆ ಬರೆದಿದ್ದ, ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ. 'ಕಡಸಲು ಮಂಡಳಿ. ಕಟ್ಟಿಗೆ ಕಡೆಯುವ ಹವ್ಯಾಸವಿದ್ದವರು ರವಿವಾರ ಮುಂಜಾನೆ ಹತ್ತಕ್ಕೆ ಸಾತಪ್ಪನ ಮನೆಗೆ ಬರಬೇಕು' ಎಂಬ ಮೇಲಿನ ಸಾಲುಗಳನ್ನು ಊರ ಜನ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಸಾತಪ್ಪ ಬೆಲ್ಲದ ಪೇಟೆಯಲ್ಲಿ ತೂಕ ಮಾಡುವವನು. ಎರಡು ವರ್ಷದ ಹಿಂದೆ, ತನ್ನ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಇಚಲಕರಂಜಿಗೆ ಮದುವೆಗೆಂದು ಹೋದವನು ಮಗ್ಗಗಳಿಗೆ ನೂಲು ಸುತ್ತುವ ಬಾಬಿನ್ ಕಡೆಯುವ ಶೆಡ್ಡಿನ ಮುಂದೆ ನಿಂತು ಊಟವನ್ನೇ ಮರೆತಿದ್ದ. ಗರಗರ ತಿರುಗುವ ಕಟ್ಟಿಗೆಗೆ ಉಳಿ ತಾಗಿಸಿದರೆ ಸಾಕು, ಬೆಣ್ಣೆಯಂತೆ ಸುರುಳಿ ಬಿಚ್ಚಿ ದುಂಡನೆಯ ರೂಪ ಏಳುತ್ತಿತ್ತು. ವಾಪಸು ಬರುವಾಗ ಬಸ್ಸಿನ ಮೇಲೆ ಕಾಲಿನಿಂದ ತುಳಿದು ಕಟ್ಟಿಗೆ ಕಡೆಯುವ ಒಂದು ಹಳೆಯ ಲೇತ್ ಕೂತಿತ್ತು.

ಅಂದಿನಿಂದ ಬುಗುರಿ, ಲಟ್ಟಣಿಗೆ, ಗೂಟ ಬೇಕಾದಷ್ಟಾದವು. ಆದರೆ ಒಂದು ಬಾಗು ಚೆಂದ ಬಂದರೆ ಅದನ್ನು ಯಾರಿಗೆ ತೋರಿಸಬೇಕು? ಹೆಂಡತಿ ಸಾವಿತ್ರವ್ವನಿಗೆ ತೋರಿಸಿದರೆ "ಚಂದ ಐತ್ರಿ, ರೊಟ್ಟಿ ಆರಾಕತ್ತಾವ" ಅನ್ನುತ್ತಿದ್ದಳು. ಎದುರು ಮನೆಯಲ್ಲಿ ಕುಪ್ಪಸ ಹೊಲಿಯುವ ಹೌಸಾಬಾಯಿ ಅವನಿಗೆ 'ಗರಗರ ಸಾತಪ್ಪ' ಎಂದೇ ಹೆಸರಿಟ್ಟಿದ್ದಳು. ನಾಲ್ಕು ಮಂದಿ ಬಲ್ಲವರು ಸಿಕ್ಕರೆ ಸಾಕೆಂದು ಅವನು ಮಂಡಳಿ ಹುಡುಕಲು ಹೊರಟಿದ್ದ.

ರವಿವಾರ ನಲವತ್ತು ಮಂದಿ ಬಂದರು.

"ನಾಕ ಮಂದಿ ಅಂದಿದ್ರಿ. ಓಣಿಗೆ ಓಣಿನ ಬಂದೈತಿ," ಎಂದಳು ಸಾವಿತ್ರವ್ವ.

"ಚಹಾಕ್ಕ ಇನ್ನಷ್ಟ ನೀರ ಹಾಕು."

"ಹಾಕೇನಿ. ಇನ್ನ ನೀರಿಗೆ ಚಹಾ ಹಾಕೂದಷ್ಟ ಉಳದೈತಿ."

ಸಾತಪ್ಪ ಪಡಸಾಲೆಯಲ್ಲಿ ಲೇತ್ ತುಳಿಯತೊಡಗಿದ. ಚಕ್ಕೆಗಳು ಹಾರಿ ಜನರ ಕಪ್ಪುಗಳಲ್ಲಿ ಬಿದ್ದವು. ಮಹಾಗಾಂವದ ಕುರುಬ ಮಲ್ಲಾರಿ ತನ್ನ ಕಪ್ಪಿನಿಂದ ಒಂದನ್ನು ಎತ್ತಿ, ಯಾಲಕ್ಕಿಯೇನೋ ಎಂದು ಜಗಿದು ನೋಡಿದ. ಅಷ್ಟರಲ್ಲಿ ಲೇತಿನ ಗಾಲಿ ತಿರುಗಿಸುವ ಪಟ್ಟಾ ಫಟ್ಟನೆ ಹರಿದು, ಬಟ್ಟೆ ಅಂಗಡಿಯ ಮಹಾವೀರ ಶೇಟರ ಟೊಪ್ಪಿಗೆಯನ್ನು ಹಾರಿಸಿಕೊಂಡು ಹೋಗಿ ಚಹಾದ ಪಾತೇಲಿಯಲ್ಲಿ ಮುಳುಗಿಸಿತು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾತಪ್ಪನ ಮುಖ ಸೀದ ರೊಟ್ಟಿಯಂತಾಯಿತು. ಮಂಡಳಿ ಹುಟ್ಟಿದ ದಿನವೇ ಸತ್ತಿತು ಅಂದುಕೊಂಡ.

ಮಲ್ಲಾರಿ ಮಾತ್ರ ನಗಲಿಲ್ಲ. ಸೊಂಟದ ಉಣ್ಣೆಯ ಹುರಿ ಬಿಚ್ಚಿ, ಮೂರು ಎಳೆ ಹೊಸೆದು ಗಾಲಿಗೆ ಬಿಗಿದ. "ಈಗ ತುಳೀರಿ ನೋಡೂನು." ಲೇತ್ ಮೊದಲಿಗಿಂತ ಸದ್ದಿಲ್ಲದೆ ತಿರುಗಿತು.

ಆಗ ಹೌಸಾಬಾಯಿ ಹೊರಸಿನ ಕಾಲಿಗೆಂದು ಇಟ್ಟಿದ್ದ ಒಂದು ಬಡ್ಡೆ ಕಟ್ಟಿಗೆ ತಂದಳು. "ಸಾತಪ್ಪಣ್ಣ, ನಿಮ್ಮ ಕಾಲು ಒಮ್ಮೆ ಓಡತೈತಿ, ಒಮ್ಮೆ ಕುಂಟತೈತಿ. ಸರೀರಿ ಅತ್ತಾಗ." ಇಪ್ಪತ್ತು ವರ್ಷ ಹೊಲಿಗೆ ಮಶೀನು ತುಳಿದ ಕಾಲು ಅವಳದು. ಒಂದೇ ಲಯ. ಸಾತಪ್ಪ ಉಳಿ ಹಿಡಿಯುವ ಬಗೆ ತೋರಿಸಿದ; ಅವಳ ಕೈಯೊಳಗೆ ಬಡ್ಡೆ ಕಟ್ಟಿಗೆ ಕುತ್ತಿಗೆ ಪಡೆಯಿತು, ಭುಜ ಪಡೆಯಿತು. ಗದ್ದಲ ತಾನಾಗಿ ನಿಂತಿತು. ಹೌಸಾಬಾಯಿ ಆ ಹೊರಸಿನ ಕಾಲನ್ನು ಕೆನ್ನೆಗೆ ಒತ್ತಿಕೊಂಡು, "ಇಷ್ಟ ನುಣ್ಣಗ ಆಗತೈತಿ ಅಂತ ಗೊತ್ತಿದ್ರ ನಿಮ್ಮನ್ನ ನೋಡಿ ನಗತಿದ್ದಿಲ್ಲ," ಎಂದಳು.

ಸಾತಪ್ಪನ ಕಣ್ಣು ಮಂಜಾದವು. ಆಮೇಲೆ ತುಳಿಯಲು ನನಗೊಂದು ಪಾಳಿ, ನನಗೊಂದು ಪಾಳಿ ಎಂದು ಜನ ಮುಗಿಬಿದ್ದರು. ಮಹಾವೀರ ಶೇಟರೂ ತೊಯ್ದ ಟೊಪ್ಪಿಗೆ ಹಿಂಡುತ್ತ ಸಾಲಿನಲ್ಲಿ ನಿಂತರು.

"ಹಿಂಗ ನಡಿಯೂದಿಲ್ಲ," ಎಂದು ಎದ್ದವರು ಕಚೇರಿಯಿಂದ ನಿವೃತ್ತರಾದ ಹೆಡ್ ಕ್ಲಾರ್ಕ್ ರಾವಸಾಹೇಬರು. "ಮಂಡಳಿ ಅಂದ್ರ ನಿಯಮ ಬೇಕು." ಕಾಗದ ತರಿಸಿ ಅವರು ಹೆಸರು ಬರೆಯತೊಡಗಿದರು. ಸಾತಪ್ಪ ಅತ್ತ ಮಲ್ಲಾರಿಗೆ ಉಳಿ ಹಿಡಿಯುವುದನ್ನು ಕಲಿಸುತ್ತಿದ್ದ.

ಹೆಸರುಗಳ ಯಾದಿ ಇಪ್ಪತ್ತೈದಕ್ಕೆ ಬಂತು. ಹೌಸಾಬಾಯಿ ಅಧ್ಯಕ್ಷೆಯಾದಳು. ಸಾತಪ್ಪನಿಗೆ ಎದೆ ತುಂಬಿ ಬಂದು, "ಈ ಲೇತ್ ಇನ್ನ ಮ್ಯಾಲ ನಂದಲ್ಲ, ಮಂಡಳಿದು," ಎಂದುಬಿಟ್ಟ. ಚಪ್ಪಾಳೆ ಬಿತ್ತು.

"ಒಂದ ಲೇತಿಗೆ ಇಪ್ಪತ್ತೈದ ಮಂದಿ ಭಾಳ ಆತು. ಯಾದಿ ಬಂದ್. ಮೆಂಬರ ಅಲ್ಲದವ್ರು ಲೇತ್ ಮುಟ್ಟಬಾರದು. ಒಪ್ಪಿಗಿ ಇದ್ದವ್ರು ಕೈ ಎತ್ರಿ," ಎಂದರು ರಾವಸಾಹೇಬರು.

ಎಲ್ಲರಿಗಿಂತ ಮೊದಲು ಎದ್ದದ್ದು ಸಾತಪ್ಪನ ಕೈ. ತನ್ನ ಮಂಡಳಿಗೆ ಜಾಗ ಸಾಲದಷ್ಟು ಜನ ಅಂದರೆ ಏನು ಕಡಿಮೆಯೇ?

ರಾವಸಾಹೇಬರು ಇಪ್ಪತ್ತೈದೂ ಹೆಸರು ಓದಿದರು. ಸಾತಪ್ಪ ಕೊನೆಯವರೆಗೂ ಕಿವಿ ನಿಮಿರಿಸಿ ಕೇಳಿದ.

"ಸಾಹೇಬ್ರ, ನನ್ನ ಹೆಸರ?"

"ನೀವು ಬರಸಲಿಲ್ಲಲ್ರಿ."

"ಮಂಡಳಿ ನಾನ ಹುಟ್ಟಿಸಿದ್ದು."

"ಹೌದ್ರಿ, ಅದನ್ನೂ ಬರದೇನಿ. ಆದ್ರ ಠರಾವು ಅಂದ್ರ ಠರಾವು. ಮದಲ ಕೈ ಎತ್ತಿದವ್ರು ನೀವ."

"ಯಾರರ ಮಂಡಳಿ ಬಿಟ್ಟ್ರ ನಿಮಗ ಮದಲ, ಸಾತಪ್ಪಣ್ಣ," ಎಂದಳು ಅಧ್ಯಕ್ಷೆ, ಪೆಡಲಿನಿಂದ ಕಾಲು ತೆಗೆಯದೆ.

ಇಳಿಹೊತ್ತಿಗೂ ಪಡಸಾಲೆಯಿಂದ ಗರಗರ ಸದ್ದು ಬರುತ್ತಲೇ ಇತ್ತು. ಸಾತಪ್ಪ ತನ್ನ ಮನೆಯ ಕಟ್ಟೆಯ ಕೆಳಗೆ ನಿಂತು ಕತ್ತು ಚಾಚಿ ನೋಡುತ್ತಿದ್ದ. ಇಚಲಕರಂಜಿಯ ಬಸ್ಸಿನಿಂದ ಇಳಿದ ಒಬ್ಬಾತ ಬಂದ.

"ನಾ ಬಾಬಿನ್ ಕಡಿಯಾಂವ್ರಿ. ಸ್ಟ್ಯಾಂಡಿನ್ಯಾಗ ಕಾಗದ ನೋಡಿದೆ. ಒಳಗ ಹೋಗ್ಲೇನ್ರಿ?"

ಸಾತಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, ಎದೆ ಸೆಟೆಸಿ ಹೇಳಿದ:

"ನಮ್ಮ ಮಂಡಳಿ ಹಂಗ ಸುಮ್ಮ ಒಳಗ ಹೋಗು ಮಂಡಳಿ ಅಲ್ರೀ. ಪಾಳಿ ಐತಿ. ನನ್ನ ಹಿಂದ ನಿಂದರ್ರಿ."