ಎರಡು ಸೀಟಿನ ಕಾರಿಗೆ ಮೂರು ಎಂಜಿನ್

ಯಲಹಂಕದ ಒಂದು ಗ್ಯಾರೇಜಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಜಾಬ್ ಕಾರ್ಡ್ ಬರೆಯುವುದು ನನ್ನ ಕೆಲಸ. ಓದಿದ್ದು ಮೆಕ್ಯಾನಿಕಲ್. ಆದರೆ ನಾಲ್ಕು ಜನರ ಮುಂದೆ ನಾನು ಬಾಯಿ ತೆರೆಯುವ ಹೊತ್ತಿಗೆ ಮಾತಿನ ವಿಷಯವೇ ಬದಲಾಗಿರುತ್ತದೆ. ಹಾಗಾಗಿ ಸುಮ್ಮನೆ ನೋಡುತ್ತಾ ಕೂರುತ್ತೇನೆ. ಹಳೇ ಕಾರಿಗೆ ಬೇರೆ ಕಾರಿನ ಎಂಜಿನ್ ಹಾಕಿಸುವವರು ಇರುವವರೆಗೂ ನೋಡುವುದಕ್ಕೇನೂ ಬರ ಇಲ್ಲ, ವಾರಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ. ಆದರೆ ಒಂದೇ ಕಾರು ಇಷ್ಟೆಲ್ಲ ಒದಗಿಸಿದ್ದು ಇದೇ ಮೊದಲು.

ಗಡುವು

ಕೆಂಪು ಬಣ್ಣ, ಮೇಲೆ ಛಾವಣಿ ಇಲ್ಲ, ಎರಡೇ ಸೀಟು. ಹಳೇ ಫಾರಿನ್ ಸ್ಪೋರ್ಟ್ಸ್ ಕಾರು. ಮಾಲೀಕರು ಆರ್.ಟಿ. ನಗರದ ನಿವೃತ್ತ ಪ್ರೊಫೆಸರ್, ಮೂಲತಃ ಹುಬ್ಬಳ್ಳಿ ಕಡೆಯವರು. ಎಂಜಿನ್ ಸತ್ತು ಎಷ್ಟೋ ವರ್ಷದಿಂದ ಕಾರು ಮನೆ ಮುಂದೆ ನಿಂತಿತ್ತು. ಅದರ ಬಿಡಿಭಾಗ ಲೋಕದಲ್ಲೇ ಸಿಗುವುದಿಲ್ಲ.

"ಮನಿಯಾಕಿ ಕಡೀ ಮಾತು ಹೇಳ್ಯಾಳ್ರಿ" ಅಂದರು. "ಯುಗಾದಿ ಒಳಗ ಆಕಿನ್ನ ಬಾಜೂಕ ಕೂಡಿಸ್ಕೊಂಡು ಪುಟ್ಟೇನಹಳ್ಳಿ ಕೆರಿ ರಸ್ತೆದಾಗ ಒಂದ್ ಸುತ್ತು ನೆಟ್ಟಗ ಹೊಡೀಬೇಕು. ಇಲ್ಲಾಂದ್ರ ಗುಜರಿ."

ನಮ್ಮ ಮುಖ್ಯ ಮೆಕ್ಯಾನಿಕ್‌ನನ್ನು ಎಲ್ಲರೂ ಉಸ್ತಾದ್ ಅನ್ನುತ್ತಾರೆ. ಅವರು ಪೆಟ್ರೋಲ್ ಎಂಜಿನ್ ಅಂದರು. ಪ್ರೊಫೆಸರ್ ಕೇಳಲಿಲ್ಲ, ಯಾರದೋ ಜೀಪಿನ ಡೀಸೆಲ್ ಎಂಜಿನ್ ಆಗಲೇ ಆಟೋದಲ್ಲಿ ಹೇರಿಕೊಂಡು ಬಂದಿದ್ದರು.

"ಎಂಜಿನ್ ಅಂದ್ರೆ ಹಾರ್ಟ್ ಅಂತಾರೆ ಎಲ್ರೂ" ಅಂತ ಉಸ್ತಾದ್ ನನ್ನ ಹತ್ತಿರ ಗೊಣಗಿದರು. "ಅಲ್ಲ ಬೇಟಿ, ಹೊಟ್ಟೆ. ಹೊಟ್ಟೆ ಬಂದ್ರೆ ನಡಿಗೆನೇ ಬೇರೆ ಆಗುತ್ತೆ."

ಹಾಗಂದವರು ತಮ್ಮ ಹೊಟ್ಟೆಯನ್ನು ಬಾನೆಟ್ ಮೇಲೆ ಒರಗಿಸಿ ಕೆಲಸ ಶುರು ಮಾಡಿದರು.

ಕೋಗಿಲು ಕ್ರಾಸ್

ಡೀಸೆಲ್ ಎಂಜಿನ್ ಕೂತಿತು. ಕಾರು ಮುಂದಕ್ಕೆ ಬಾಗಿ, ನೆಲದಲ್ಲಿ ಬಿದ್ದ ಕಾಸು ಹುಡುಕುವವರ ಹಾಗೆ ನಿಂತಿತು. ಉಸ್ತಾದ್ ಮುಂದಿನ ಸ್ಪ್ರಿಂಗ್‌ಗಳನ್ನು ಗಟ್ಟಿ ಮಾಡಿ ಮೂತಿ ಎತ್ತಿದರು. ತೂಕ ಎಲ್ಲಿ ಹೋಗುತ್ತೆ, ಮುಂದೆಯೇ ಇತ್ತು.

ಎರಡು ದಿನ ಓಡಿಸಿ ವಾಪಸ್ ತನ್ನಿ ಅಂದಿದ್ದೆವು. ಮೂರನೇ ದಿನ ಹೆಬ್ಬಾಳ ಬಿಟ್ಟೆ ಅಂತ ಫೋನ್ ಬಂತು. ಒಂದು ಗಂಟೆಯಾದರೂ ಆಸಾಮಿ ಇಲ್ಲ. ನಾನೇ ಫೋನ್ ಮಾಡಿದೆ.

"ಸರ್, ಎಲ್ಲಿದೀರಿ?"

"ಚಿಕ್ಕಜಾಲ ದಾಟೀನಿ ತಂಗಿ."

"ಕೋಗಿಲು ಕ್ರಾಸಲ್ಲಿ ಎಡಕ್ಕೆ ತಿರುಗಬೇಕಿತ್ತಲ್ಲ ಸರ್?"

"ನಾ ತಿರುಗಿಸೀನಿ. ಗಾಡಿ ಇನ್ನೂ ವಿಚಾರ ಮಾಡಾಕತ್ತೈತಿ."

ಸರಕು

ಎಷ್ಟು ತೂಕ ಮುಂದಿದೆ, ಎಷ್ಟು ಹಿಂದಿದೆ ಅಂತ ಲೆಕ್ಕ ಸಿಗಬೇಕಾದರೆ ಕಾರನ್ನು ಅರ್ಧರ್ಧ ತೂಗಬೇಕು. ಉಸ್ತಾದ್ ಕಾರನ್ನೂ ನನ್ನನ್ನೂ ಯಶವಂತಪುರ ಮಾರ್ಕೆಟ್ ಹತ್ತಿರದ ಲಾರಿ ತೂಗುವ ವೇಬ್ರಿಡ್ಜ್‌ಗೆ ಕರೆದುಕೊಂಡು ಹೋದರು. ಮುಂದೆ ಈರುಳ್ಳಿ ಲಾರಿ, ಹಿಂದೆ ಆಲೂಗಡ್ಡೆ ಲಾರಿ, ನಡುವೆ ನಾವು.

ಉಸ್ತಾದ್ ಮುಂದಿನ ಚಕ್ರ ಮಾತ್ರ ಹತ್ತಿಸಿ ನಿಲ್ಲಿಸಿದರು. ತೂಕದವನು ಕಿಟಕಿಯಿಂದ ತಲೆ ಹಾಕಿ, "ಪೂರ್ತಿ ಹತ್ಸಿ ಗುರು, ಅರ್ಧಕ್ಕೆ ಚೀಟಿ ಕೊಡಲ್ಲ" ಅಂದ.

ಉಸ್ತಾದ್ ನನ್ನ ಕಡೆ ಕೈ ತೋರಿಸಿದರು. "ಇಂಜಿನಿಯರ್ ಮೇಡಂ ಹೇಳ್ತಾರೆ."

ಇಪ್ಪತ್ತು ಹಮಾಲರು ನನ್ನನ್ನೇ ನೋಡಿದರು. ಬ್ಯಾಲೆನ್ಸ್ ಅಂತ ಏನೋ ಅಂದೆ. ನನಗೇ ಕೇಳಿಸಲಿಲ್ಲ. ಅವನಿಗೆ ಪಾಪ ಅನ್ನಿಸಿರಬೇಕು, ಚೀಟಿ ತೆಗೆದ. ಅದರಲ್ಲಿ ಸರಕು ಅಂತ ಒಂದು ಕಾಲಂ, ಖಾಲಿ ಬಿಡುವ ಹಾಗಿಲ್ಲ. "ಮುಂಭಾಗ" ಅಂತ ಬರೆದ. ಹಿಂದಿನ ಚಕ್ರ ಹತ್ತಿಸಿದಾಗ ಇನ್ನೊಂದು ಚೀಟಿ, "ಹಿಂಭಾಗ".

ಎರಡನ್ನೂ ನನ್ನ ಕೈಗೆ ಕೊಟ್ಟು ಕೇಳಿದ, "ಮಧ್ಯದ್ದು ನಾಳೆ ತರ್ತೀರಾ ಮೇಡಂ?"

ಎದುರುಮನೆ ದೇವರು

ಚೀಟಿ ನೋಡಿದ ಮೇಲೆ ಪ್ರೊಫೆಸರ್ ಮೆತ್ತಗಾದರು. ಡೀಸೆಲ್ ಇಳಿಸಿ, ಸಣ್ಣ ಕಾರೊಂದರ ಹಗುರ ಪೆಟ್ರೋಲ್ ಎಂಜಿನ್ ಹಾಕಿದೆವು. ತೂಕ ಮಧ್ಯಕ್ಕೆ ಬರಲಿ ಅಂತ ಉಸ್ತಾದ್ ಎಂಜಿನ್ನನ್ನು ಹಿಂದಕ್ಕೆ ಸರಿಸಿದರು. ಅದರ ಜೊತೆ ಗೇರ್‌ಬಾಕ್ಸೂ ಹಿಂದಕ್ಕೆ ಬಂತು. ಗೇರ್ ಲಿವರ್ ಮೊಣಕೈಗಿಂತ ಹಿಂದೆ ಎದ್ದು ನಿಂತಿತು. ಸೆಕೆಂಡ್ ಗೇರ್ ಹಾಕುವವರನ್ನು ದೂರದಿಂದ ನೋಡಿದರೆ ಬೆನ್ನು ತುರಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು.

ಡೀಸೆಲ್‌ಗೆ ಗಟ್ಟಿ ಮಾಡಿದ್ದ ಸ್ಪ್ರಿಂಗ್ ಹಾಗೇ ಇದ್ದಿದ್ದು ಯಾರಿಗೂ ನೆನಪಾಗಲಿಲ್ಲ. ಭಾರ ಇಳಿದದ್ದೇ ಕಾರು ಮೂತಿ ಮೇಲೆತ್ತಿತು. ಸಂಜೆ ಹೆಡ್‌ಲೈಟ್ ಹಾಕಿ ನೋಡುತ್ತಿದ್ದಾಗ ಎದುರುಮನೆ ಆಂಟಿ ಮೊದಲ ಮಹಡಿಯಿಂದ ಕೂಗಿದರು.

"ಏನ್ರೀ ಅದು, ನಮ್ ದೇವರಮನೆ ಒಳಗೇ ಲೈಟ್ ಬೀಳ್ತಿದೆ."

"ಸಾರಿ ಅಮ್ಮಾ, ಈಗ್ಲೇ ಆಫ್ ಮಾಡ್ತೀನಿ" ಅಂದರು ಉಸ್ತಾದ್.

"ಇರ್ಲಿ ಇರ್ಲಿ, ಕರೆಂಟ್ ಹೋಗಿದೆ. ಮಂಗಳಾರತಿ ಆಗ್ಲಿ ತಾಳಿ."

ಒಂದೂವರೆ ಮೂಟೆ

ಯುಗಾದಿಗೆ ಒಂದು ವಾರ ಉಳಿದಿತ್ತು. ಮುಂದಿನ ಸ್ಪ್ರಿಂಗ್ ಸಡಿಲಿಸಿದ ಮೇಲೆ ಮುಂದೆ ಹಿಂದೆ ಸರಿಹೋಗಿತ್ತು, ಎಡ ಬಲ ಬಾಕಿ. ಇಷ್ಟು ಹಗುರದ ಕಾರಿನಲ್ಲಿ ಕೂರುವವರೇ ದೊಡ್ಡ ಸರಕು. ಅವರ ತೂಕ ಸೀಟಿನ ಮೇಲಿಟ್ಟು ಒಂದೊಂದು ಚಕ್ರದ ಸ್ಪ್ರಿಂಗ್ ಹೊಂದಿಸಬೇಕು.

ಪ್ರೊಫೆಸರರನ್ನು ತೂಕ ಕೇಳಿದೆ. "ನಂದು ಎಪ್ಪತ್ತೈದು, ಮನಿಯಾಕಿದು ಐವತ್ತು ಬರಕೋ ತಂಗಿ" ಅಂದರು. ಅವರ ಬೆಲ್ಟಿಗೆ ಮೊಳೆಯಲ್ಲಿ ಹೊಡೆದ ನಾಲ್ಕು ಹೆಚ್ಚುವರಿ ತೂತುಗಳಿದ್ದವು. ಹೆಂಡತಿಯನ್ನು ನಾನು ನೋಡಿರಲಿಲ್ಲ. ದೊಡ್ಡವರನ್ನು ಇನ್ನೊಮ್ಮೆ ಕೇಳುವುದು ಹೇಗೆ ಅಂತ ಸುಮ್ಮನೆ ಟೈಪ್ ಮಾಡಿದೆ. ಉಸ್ತಾದ್ ಐವತ್ತು ಕಿಲೋದ ಈರುಳ್ಳಿ ಮೂಟೆ ತರಿಸಿ ಡ್ರೈವರ್ ಸೀಟಿಗೆ ಒಂದೂವರೆ, ಎಡಗಡೆ ಸೀಟಿಗೆ ಒಂದು ಇಟ್ಟು, ಕೂದಲೆಳೆಯಷ್ಟೂ ವ್ಯತ್ಯಾಸ ಬರದ ಹಾಗೆ ಹೊಂದಿಸಿದರು.

ಭಾನುವಾರ ಬೆಳಿಗ್ಗೆ ಕೆರೆ ರಸ್ತೆಯಲ್ಲಿ ಕಾಯುತ್ತಿದ್ದೆವು. ಪ್ರೊಫೆಸರರ ಹೆಂಡತಿ ಆಟೋದಿಂದ ಇಳಿದರು. ಉಸ್ತಾದ್ ಅವರನ್ನು ನೋಡಿದರು, ಪ್ರೊಫೆಸರರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಕೆರೆಯನ್ನು ನೋಡಿದೆ.

ಮೇಡಂ ಕೂತರು. ಕಾರು ಎಡಕ್ಕೆ ವಾಲಿತು.

"ರಸ್ತೆನ ಹಂಗೈತಿ" ಅಂದರು ಪ್ರೊಫೆಸರ್.

ಮೊದಲ ಎಡ ತಿರುವಿನಲ್ಲಿ ಕಾರು ಕೇಳಿದ್ದಕ್ಕಿಂತ ಹೆಚ್ಚೇ ತಿರುಗಿ ಎಳನೀರು ಗಾಡಿಯ ಮುಂದೆ ನಿಂತಿತು. ಸುತ್ತು ಮುಗಿಯುವುದಿರಲಿ, ಶುರುವೇ ಆಗಿರಲಿಲ್ಲ. ನಾವು ಓಡಿದೆವು.

ಮೇಡಂ ಶಾಂತವಾಗಿ ನನ್ನನ್ನು ಕೇಳಿದರು, "ನನ್ನ ತೂಕ ಎಷ್ಟಂತ ಬರಿಸ್ಯಾರವಾ?"

ಈ ಸಲ ನನ್ನ ಬಾಯಿ ತಡ ಮಾಡಲಿಲ್ಲ. "ನಿಮ್ದು ಐವತ್ತು, ಸರ್‌ದು ಎಪ್ಪತ್ತೈದು, ಮೇಡಂ."

ಮೇಡಂ ಒಂದು ಕ್ಷಣ ಗಂಡನನ್ನು ನೋಡಿದರು. "ಅದಲುಬದಲು" ಅಂದರು. "ಇಳೀರಿ. ಈ ಕಡೆ ಬರ್ರಿ."

ಸೀರೆ ಸೆರಗು ಸಿಕ್ಕಿಸಿ ಸ್ಟೇರಿಂಗ್ ಹಿಂದೆ ಕೂತರು. ಪ್ರೊಫೆಸರ್ ಎಡಕ್ಕೆ ಕೂತರು. ಕಾರು ತಕ್ಕಡಿಯ ಹಾಗೆ ಸಮಕ್ಕೆ ಬಂತು. ಮೇಡಂ ಬೆನ್ನು ತುರಿಸಿಕೊಂಡು ಸೆಕೆಂಡ್ ಗೇರ್ ಹಾಕಿದರು. ಎಡ ತಿರುವು, ಬಲ ತಿರುವು, ಎಲ್ಲವೂ ಬೆಣ್ಣೆ. ಒಂದು ಸುತ್ತು ಅಂದವರು ಮೂರು ಹೊಡೆದು ಬಂದರು. ಕಾರು ಗುಜರಿಗೆ ಹೋಗುವ ಪ್ರಶ್ನೆಯೇ ಉಳಿಯಲಿಲ್ಲ.

ಸೋಮವಾರ ಪ್ರೊಫೆಸರ್ ಫೋನ್ ಮಾಡಿದರು. ಧ್ವನಿ ಸಣ್ಣಗಿತ್ತು.

"ತಂಗಿ, ಸ್ಪ್ರಿಂಗ್ ಒಂಚೂರು ಬದಲಿ ಮಾಡಿದ್ರ ನಾನೂ ಓಡಿಸಬಹುದೇನು?"

ಅರ್ಧ ಗಂಟೆಯ ಕೆಲಸ ಸರ್ ಅನ್ನುವಷ್ಟರಲ್ಲಿ ಹಿಂದಿನಿಂದ ಮೇಡಂ ದನಿ ಕೇಳಿತು.

"ಸ್ಪ್ರಿಂಗ್ ಯಾಕ್ರೀ? ಇಪ್ಪತ್ತೈದು ಕಿಲೋ ದಪ್ಪ ಆಗ್ರಿ, ಚಾವಿ ಕೊಡ್ತೀನಿ."