ಬಾವಿ ಮನೆಯ ಸಾಹೇಬರು

ಎಲ್ಲಿ ಹೋದರೂ ನನಗೆ ಒಬ್ಬರಲ್ಲ ಒಬ್ಬರು ಸಂಬಂಧಿಕರು ಗಂಟುಬೀಳುತ್ತಾರೆ. ಕುವೈತಿಗೆ ಬಂದರೆ ತಪ್ಪೀತು ಅಂದುಕೊಂಡಿದ್ದೆ, ಇಲ್ಲಿ ಇನ್ನೂ ಜಾಸ್ತಿ. ನಾವು ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಇಬ್ಬರು ಎದುರಾದರೆ ಯಾವ ಇಗರ್ಜಿ, ಅಂದರೆ ಯಾವ ಊರಿನ ಚರ್ಚು, ಯಾರ ಮನೆ ಅಂತ ಕೇಳದೆ ಗುಡ್ ಮಾರ್ನಿಂಗ್ ಕೂಡ ಹೇಳುವುದಿಲ್ಲ. ಈ ಚಾಳಿಯಿಂದ ಆದ ಫಜೀತಿಗಳು ಒಂದೆರಡಲ್ಲ ಮಾರಾಯ್ರೆ. ಈಗ ಹೇಳುವುದು ತೊಂಬತ್ತರ ದಶಕದ ಕೊನೆಯಲ್ಲಿ ಆದದ್ದು. ನಾನಾಗ ಕುವೈತ್ ಪೇಟೆಯ ಮಿರ್ಕಾಬ್ ಏರಿಯಾದ ಒಂದು ಆಫೀಸಿನಲ್ಲಿ ಸೆಕ್ರೆಟರಿ.

ಲಿಫ್ಟಿನಲ್ಲಿ

ನಮ್ಮ ಸಾಹೇಬರು ಅಮೆರಿಕದವರು. ಒಂದು ಮಧ್ಯಾಹ್ನ ಅವರೂ ನಾನೂ ಲಿಫ್ಟಿನಲ್ಲಿ ಇಳಿಯುತ್ತಿದ್ದೆವು. ಐದನೇ ಮಹಡಿಯಲ್ಲಿ ಒಬ್ಬಳು ಹತ್ತಿದಳು. ಮುಖ ನೋಡಿದ ಕೂಡಲೇ ನಮ್ಮವಳು ಅಂತ ಗೊತ್ತಾಯಿತು. ನಾನು ಇಗರ್ಜಿ ಕೇಳಿದೆ, ಅವಳು ಮನೆ ಕೇಳಿದಳು. ಕೆಳಗೆ ತಲುಪುವಷ್ಟರಲ್ಲಿ ಅವಳು ನನ್ನ ಗಂಡನ ಚಿಕ್ಕಮ್ಮನ ನಾದಿನಿ ಅಂತ ಹೊರಬಿದ್ದು, ನಾನು ಅವಳನ್ನು ಶುಕ್ರವಾರದ ಊಟಕ್ಕೆ ಕರೆದೂ ಆಗಿತ್ತು.

ಅವಳು ಹೋದ ಮೇಲೆ ಸಾಹೇಬರು, ಎಷ್ಟು ವರ್ಷದ ಪರಿಚಯ ಅಂತ ಕೇಳಿದರು.

"ಐದನೇ ಮಹಡಿಯಿಂದ, ಸರ್" ಅಂದೆ.

ಚಿಕನ್ ಹಾಕಿಕೊಳ್ಳಿ

ಸಾಹೇಬರು ನಗಲಿಲ್ಲ. ಆಮೇಲೆ ಅವರೇ ವಿಷಯ ತೆಗೆದರು. ಅವರ ಮುತ್ತಜ್ಜ ಐರ್ಲೆಂಡಿನ ಒಂದು ಹಳ್ಳಿಯಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋದವರು. ಸಾಹೇಬರ ತಾಯಿಗೆ ಈಗ ಪ್ರಾಯವಾಗಿದೆ, ಮಂಡಿ ನೋವು ಬೇರೆ. ನಡೆಯಲು ಆಗುವಾಗಲೇ ಒಮ್ಮೆ ಆ ಮನೆಗೆ ಹೋಗಿ, ಅಲ್ಲಿಯ ಅಡುಗೆಮನೆಯಲ್ಲಿ ಕೂತು ಒಂದು ಲೋಟ ಚಾ ಕುಡಿಯಬೇಕು ಅಂತ ಅವರಿಗೆ ಆಸೆಯಂತೆ. ಮಗ ವರ್ಷಗಟ್ಟಲೆ ಹುಡುಕಿದ್ದಾರೆ. ಊರು ಸಿಕ್ಕಿದೆ, ಮನೆ ಸಿಕ್ಕಿಲ್ಲ. ಆ ಊರಿನಲ್ಲಿ ಅರ್ಧ ಜನಕ್ಕೆ ಒಂದೇ ಸರ್‌ನೇಮ್, ನಮ್ಮ ಕಡೆ ಡಿಸೋಜರು ಇದ್ದ ಹಾಗೆ. ನನಗೆ ಪಾಪ ಅನ್ನಿಸಿತು.

ನನ್ನ ನಾದಿನಿ ಲೀನಾಳಿಗೆ ಗಂಡು ನೋಡುತ್ತಾ ಊರಿನಿಂದ ಅತ್ತೆ ಬಂದಿದ್ದ ಸಮಯ ಅದು. ಸಂಬಂಧ ಹುಡುಕುವುದರಲ್ಲಿ ಅವರ ಮುಂದೆ ನಾನು ಏನೂ ಅಲ್ಲ. ಸಾಹೇಬರನ್ನು ಇನ್ನೊಂದು ಶುಕ್ರವಾರ ಅಬ್ಬಾಸಿಯಾದ ನಮ್ಮ ಫ್ಲಾಟಿಗೆ ಊಟಕ್ಕೆ ಕರೆದೆ. ಅವರು ಕೋಳಿ ಸಾರಿಗೆ 'ಸಣ್ಣ' ಅನ್ನುವ ನಮ್ಮ ಕಡೆಯ ಇಡ್ಲಿ ಅದ್ದುತ್ತಾ ಹಡಗಿನ ಹೆಸರು, ಅದು ಹೊರಟ ಬಂದರು ಎಲ್ಲ ಹೇಳಿದರು. ಅತ್ತೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮುತ್ತಜ್ಜನ ಹೆಂಡತಿ ಯಾವ ಮನೆಯವಳು, ಎಷ್ಟು ಜನ ಅಣ್ಣತಮ್ಮಂದಿರು, ಮನೆ ಯಾರ ಪಾಲಿಗೆ ಬಂತು ಅಂತ ಕೊಂಕಣಿಯಲ್ಲಿ ಕೇಳುತ್ತಾ ಹೋದರು. ನಾನು ಇಂಗ್ಲಿಷಿಗೆ ಹಾಕುತ್ತಾ ಹೋದೆ. ಸಾಹೇಬರಿಗೆ ಒಂದೂ ಗೊತ್ತಿಲ್ಲ.

ಕೊನೆಗೆ ಅತ್ತೆ, ಊರಿನವರು ಆ ಮನೆಯವರನ್ನು ಎಂತ ಅಂತ ಕರೆಯುತ್ತಿದ್ದರು ಅಂತ ಕೇಳಿದರು. ಸಾಹೇಬರು ಯೋಚನೆ ಮಾಡಿ, ತಾಯಿ ಯಾವಾಗಲೋ 'ಬಾವಿ ಮನೆಯವರು' ಅಂದ ನೆನಪು, ಅದು ಸುಮ್ಮನೆ ತಮಾಷೆಗೆ ಇರಬೇಕು ಅಂದರು. ಅತ್ತೆ ಕೈ ತೊಳೆಯಲು ಎದ್ದರು. ಅಲ್ಲಿನ ಪಾದ್ರಿಗೆ ಫೋನ್ ಮಾಡಿ ಬಾವಿ ಮನೆ ಯಾವುದು ಅಂತ ಕೇಳಲಿ, ಮುಗಿಯಿತು ಅಂದರು. ಹೋಗುತ್ತಾ ಸಾಹೇಬರನ್ನು ತಿರುಗಿ ನೋಡಿ ಇನ್ನೊಂದು ಮಾತು ಸೇರಿಸಿದರು:

"ತನ್ನ ಮನೆಯೇ ಗೊತ್ತಿಲ್ಲದ ಇವನಿಗೆ ಹೆಣ್ಣು ಕೊಟ್ಟವರು ಯಾರು?"

ಏನು ಹೇಳಿದರು ಅಂತ ಸಾಹೇಬರು ಕೇಳಿದರು. ಇನ್ನೊಂದು ತುಂಡು ಚಿಕನ್ ಹಾಕಿಕೊಳ್ಳಬೇಕಂತೆ ಅಂದೆ.

ರಾಂಗ್ ನಂಬರ್

ಅಲ್ಲಿನ ಪಾದ್ರಿ ಬಾವಿ ಮನೆ ಅಂದ ಕೂಡಲೇ ನಂಬರ್ ಕೊಟ್ಟರು. ಅಲ್ಲಿ ಇರುವುದು ಒಬ್ಬ ಮುದುಕ; ಮುತ್ತಜ್ಜನ ಅಣ್ಣ ಊರಲ್ಲೇ ಉಳಿದಿದ್ದನಂತೆ, ಅವನ ಮೊಮ್ಮಗ. ಸಾಹೇಬರು ಹೊಸ ಟೈ ಕಟ್ಟಿಕೊಂಡು ಬಂದು ಫೋನ್ ಮಾಡಿದರು. ಫೋನಿಗೆ ಟೈ ಯಾಕೋ ನನಗೆ ಗೊತ್ತಿಲ್ಲ. ಅಮೆರಿಕಕ್ಕೆ ಹೋದವನ ಮರಿಮಗ ನಾನು ಅಂದದ್ದೇ ತಡ, ನಮ್ಮ ಮನೆಯಿಂದ ಯಾರೂ ಎಲ್ಲಿಗೂ ಹೋಗಿಲ್ಲ ಅಂತ ಮುದುಕ ಫೋನ್ ಇಟ್ಟ. ಮರುದಿನ ಪುನಃ ಮಾಡಿದರು. ಈ ಸಲ, ನಮಗೆ ಬಾವಿಯೇ ಇಲ್ಲ ಅಂದನಂತೆ.

ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕೂತರು. ಅಮ್ಮನಿಗೆ ಏನು ಹೇಳಲಿ ಅಂದರು. ನನಗೆ ಒಳಗೊಳಗೇ ನಗು. ಬೊಂಬಾಯಿಗೆ ಹೋಗಿದ್ದ ನಮ್ಮ ದೊಡ್ಡಪ್ಪ ತುಂಬ ವರ್ಷದ ಮೇಲೆ ಬಂದು ಅಂಗಳದಲ್ಲಿ ನಿಂತಾಗ ನನ್ನ ಅಪ್ಪನೂ ಹೀಗೇ ಮಾಡಿದ್ದರು.

"ಸರ್, ನೀವು ಪಾಲು ಕೇಳಲು ಬಂದಿದ್ದೀರಿ ಅಂತ ಅವನಿಗೆ ಹೆದರಿಕೆ."

ನನಗೆ ಅಮೆರಿಕದಲ್ಲಿ ಸ್ವಿಮ್ಮಿಂಗ್ ಪೂಲ್ ಇರುವ ಮನೆ ಉಂಟು, ಅವನ ಗದ್ದೆ ಯಾಕೆ ಬೇಕು ಅಂತ ಅವರು ಕೇಳಿದರು. ಅದನ್ನು ಮಾತ್ರ ಅವನಿಗೆ ಹೇಳಬೇಡಿ, ಲಾಯರ್ ಇಟ್ಟುಕೊಂಡಾನು ಅಂದೆ.

ಬಾವಿ ಇದೆ

ಮೂರನೇ ಸಲ ಸಾಹೇಬರು ಹೆಸರಿಗಿಂತ ಮೊದಲು ನಾನು ಹೇಳಿಕೊಟ್ಟ ಮಾತನ್ನೇ ಹೇಳಿದರು: ನನಗೆ ಜಾಗ ಬೇಡ, ಅಮ್ಮನಿಗೆ ಒಂದು ಲೋಟ ಚಾ ಸಾಕು.  ಆಮೇಲೆ ಮುದುಕ ಶುರುಮಾಡಿದ. ಬಾವಿ ಇದೆ, ನೀರೂ ಇದೆ. ಅವತ್ತು ತಮ್ಮನ ಪೆಟ್ಟಿಗೆಯನ್ನು ಅಣ್ಣನೇ ಹೊತ್ತು ಬಂದರಿನವರೆಗೆ ನಡೆದನಂತೆ, ಬರುವಾಗ ದಾರಿಯುದ್ದಕ್ಕೂ ಅಳುತ್ತಾ ಬಂದನಂತೆ. ಫೋನ್ ಇಟ್ಟು ಸಾಹೇಬರು ಇದನ್ನು ನನಗೆ ಎರಡೆರಡು ಸಲ ಹೇಳಿದರು. ನನಗೆ ಕಣ್ಣು ತುಂಬಿ ಬಂತು, ಯಾಕೆ ಸುಳ್ಳು ಹೇಳಲಿ.

ಆ ಬೇಸಿಗೆಯಲ್ಲಿ ತಾಯಿ ಮಗ ಹೋಗಿ ಬಂದರು. ಅಮ್ಮ ಒಂದಲ್ಲ, ಮೂರು ಲೋಟ ಕುಡಿದರಂತೆ. ಫೋಟೊದಲ್ಲಿ ಅವರು ಬಾವಿಕಟ್ಟೆ ಹಿಡಿದು ನಿಂತಿದ್ದಾರೆ, ಬಾಯಿ ತುಂಬ ನಗು.

ಹದಿನೈದು ದಿನ ಆಗಿರಲಿಲ್ಲ, ಸಾಹೇಬರು ಮುಖ ಸಣ್ಣ ಮಾಡಿಕೊಂಡು ಬಂದರು. ಮುದುಕ ಫೋನ್ ಮಾಡಿದ್ದನಂತೆ. ತಂಗಿಯ ಮಗ ಕೆಲಸವಿಲ್ಲದೆ ಕೂತಿದ್ದಾನೆ, ಕುವೈತಿಗೆ ಒಂದು ವೀಸಾ ಆಗುತ್ತದಾ ಅಂತ ಕೇಳಿದನಂತೆ. ಇಷ್ಟು ವರ್ಷ ಹುಡುಕಿದ್ದು ಇದಕ್ಕಾ ಅಂತ ಸಾಹೇಬರಿಗೆ ಬೇಜಾರು.

"ಬೇಜಾರು ಮಾಡಬೇಡಿ ಸರ್. ವೀಸಾ ಕೇಳಿದ ಅಂದರೆ ನಿಮ್ಮನ್ನು ಮನೆಯವರು ಅಂತ ಒಪ್ಪಿಕೊಂಡ."

ಹಾಗಾದರೆ ಅವರು, ನೀವೆಲ್ಲ ಇದಕ್ಕೆ ಏನು ಉತ್ತರ ಕೊಡುತ್ತೀರಿ ಅಂತ ಕೇಳಿದರು. ಬಯೋಡಾಟಾ ಕಳಿಸಿ, ನೋಡುವ ಅಂತೇವೆ ಸರ್ ಅಂದೆ. ಐದು ನಿಮಿಷದಲ್ಲಿ ಕ್ಯಾಬಿನ್ ಒಳಗಿಂದ ಅದೇ ಮಾತು ಕೇಳಿಸಿತು. ಪಕ್ಕಾ ಗಲ್ಫಿನವರ ಹಾಗೇ ಎಳೆದು ಹೇಳುತ್ತಿದ್ದರು, ದನಿಯಲ್ಲಿ ನಗು ಕೂಡ ಬಂದಿತ್ತು.

ಅತ್ತೆ ಇನ್ನೂ ನಮ್ಮಲ್ಲೇ ಇದ್ದರು, ಮನೆಗೆ ಹೋಗಿ ಇದನ್ನು ಅವರಿಗೆ ಹೇಳಿದೆ. ಅವರು ನಗಲೇ ಇಲ್ಲ. ಹುಡುಗನಿಗೆ ಮದುವೆ ಆಗಿದೆಯಾ ಅಂತ ಕೇಳಿದರು. ಯಾಕೆ ಅಂದೆ.

"ನಮ್ಮ ಲೀನಾಳಿಗೆ ನೋಡಬಹುದಿತ್ತು. ಮನೆ ಹೇಗೂ ನಮಗೆ ಗೊತ್ತಿದ್ದದ್ದೇ ಅಲ್ವಾ."